ಮನಸ್ಸಿನ ವಯಸ್ಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯನ ಮನಸ್ಸು ಬೆಳೆಯುವ ಬಗೆಯನ್ನು ಕುರಿತ ಪ್ರಮುಖ ಸಿದ್ಧಾಂತಗಳನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸಿದ್ದೆ. ಲೇಖನದ ಜೊತೆಗೆ ಹಂತಗಳ ಪಟ್ಟಿಯೊಂದನ್ನೂ ಕೊಟ್ಟಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕವನ್ನು ಹೊತ್ತಿದ್ದವು: ಪಟ್ಟಿಯಲ್ಲಿ ಬರೆದ ವಯಸ್ಸಿಗೆ ನಮ್ಮ ಮಗು, ನಮ್ಮ ಮಗ, ಕೊನೆಗೆ ನಾವೇ ಹೊಂದಿಕೊಳ್ಳುತ್ತಿಲ್ಲವಲ್ಲ ಎಂಬುದು. ಆ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಶಿಕ್ಷಕರ ಅರ್ಹತೆಯ ಟಿಇಟಿ ಪರೀಕ್ಷೆಗೆ ಓದುತ್ತಿದ್ದೇನೆ. ಎರಡರಿಂದ ಏಳು ವರ್ಷದವರೆಗಿನ ಕಾರ್ಯಪೂರ್ವ ಹಂತದಲ್ಲಿ ಮಗುವಿಗೆ ಪರಿಮಾಣದ ಸ್ಥಿರತೆ, ಅಂದರೆ ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬುದು, ತಿಳಿಯುವುದಿಲ್ಲ ಎಂದು ಮನೋವಿಜ್ಞಾನಿ ಪಿಯಾಜೆ ಹೇಳುತ್ತಾರೆ. ಐದು ವರ್ಷದ ನನ್ನ ಅಕ್ಕನ ಮಗಳ ಮುಂದೆ ಎರಡು ಲೋಟ ಹಾಲಿಟ್ಟು, ಎರಡೂ ಸಮವೇ ಎಂದು ಕೇಳಿ, ಒಂದನ್ನು ಅಗಲವಾದ ಬಟ್ಟಲಿಗೆ ಸುರಿದು ಮತ್ತೆ ಕೇಳಿದೆ. ಬಟ್ಟಲಿನಲ್ಲಿ ಕಡಿಮೆ ಇದೆ ಎಂದಳು. ಮರುದಿನ ಬೆಳಿಗ್ಗೆ ಅಜ್ಜಿ ಬಿಸಿ ಹಾಲನ್ನು ಅದೇ ಬಟ್ಟಲಿಗೆ ಸುರಿದು ಆರಿಸಿ ಕೊಟ್ಟಾಗ, 'ಹಾಲು ಕಡಿಮೆಯಾಯಿತಾ?' ಎಂದು ಕೇಳಿದ್ದಕ್ಕೆ 'ಇಲ್ಲ, ಅಷ್ಟೇ ಇದೆ' ಎಂದಳು. ಹಾಗಾದರೆ ಪಿಯಾಜೆ ಹೇಳಿದ್ದು ತಪ್ಪೇ? (ಹಾವೇರಿ)

ಉತ್ತರ: ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಗುರುತಿಸಿ. ಟಿಇಟಿಯ ಪ್ರತಿ ಪತ್ರಿಕೆಯ 150 ಅಂಕಗಳಲ್ಲಿ 30 ಅಂಕಗಳು ಶಿಶು ವಿಕಾಸ ಮತ್ತು ಬೋಧನೆಯ ಭಾಗಕ್ಕೆ ಮೀಸಲಾಗಿವೆ, ಅವು ಕೈತಪ್ಪಬಾರದು. ಆದರೆ ಅಡುಗೆಮನೆಯಲ್ಲಿ ನೀವು ಕಂಡದ್ದನ್ನು ದಯವಿಟ್ಟು ಮರೆಯಬೇಡಿ. ಬೆಳವಣಿಗೆಯ ಮನೋವಿಜ್ಞಾನದಲ್ಲಿ ಐವತ್ತು ವರ್ಷಗಳಿಂದ ನಡೆದುಬಂದಿರುವ ಒಂದು ದೊಡ್ಡ ಚರ್ಚೆಯೇ ನಿಮ್ಮ ಆ ಎರಡು ದಿನಗಳಲ್ಲಿ ಅಡಗಿದೆ.

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1896ರಲ್ಲಿ ಹುಟ್ಟಿದ ಪಿಯಾಜೆ, ತರುಣರಾಗಿದ್ದಾಗ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಗಳನ್ನು ನಡೆಸುವ ಕೆಲಸ ಮಾಡಿದರು. ಸರಿಯುತ್ತರಗಳ ಸಂಖ್ಯೆಯನ್ನು ಎಣಿಸುವುದು ಅಲ್ಲಿನ ಕೆಲಸವಾಗಿತ್ತು. ಅವರ ಗಮನ ಹೋದದ್ದು ತಪ್ಪುತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪನ್ನು ಮಾಡುತ್ತಿದ್ದರು. ಅಂದರೆ ಅದು ಅಜಾಗರೂಕತೆಯ ತಪ್ಪಲ್ಲ, ಅದರ ಹಿಂದೆ ಮಗುವಿನದೇ ಆದ ಒಂದು ತರ್ಕವಿದೆ ಎಂದು ಅವರಿಗೆ ಹೊಳೆಯಿತು. ನಿಮ್ಮ ಅಕ್ಕನ ಮಗಳು ಮೊದಲ ದಿನ ಹಾಲಿನ ಎತ್ತರವನ್ನಷ್ಟೇ ನೋಡಿದಳು, ಅಗಲ ಅವಳ ಲೆಕ್ಕಕ್ಕೆ ಬರಲಿಲ್ಲ. ಸುರಿದದ್ದನ್ನು ಮನಸ್ಸಿನಲ್ಲೇ ಮತ್ತೆ ಲೋಟಕ್ಕೆ ಸುರಿದು ನೋಡುವುದೂ ಅವಳಿಂದ ಆಗಲಿಲ್ಲ. ಯಾವ ಊರಿನ ಯಾವ ಮನೆಯಲ್ಲಿ ಮಾಡಿದರೂ ಐದು ವರ್ಷದ ಬಹಳಷ್ಟು ಮಕ್ಕಳು ಇದೇ ಉತ್ತರವನ್ನು ಕೊಡುತ್ತಾರೆ. ಈ ಅವಲೋಕನದ ಮಟ್ಟಿಗೆ ಪಿಯಾಜೆ ಹೇಳಿದ್ದು ಇಂದಿಗೂ ಗಟ್ಟಿಯಾಗಿಯೇ ನಿಂತಿದೆ.

ಎರಡನೆಯ ದಿನದ ವಿಷಯ ಬೇರೆ. ಎಡಿನ್‌ಬರೊ ವಿಶ್ವವಿದ್ಯಾಲಯದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1970ರ ದಶಕದಲ್ಲಿ ಒಂದು ಸರಳ ಬದಲಾವಣೆ ಮಾಡಿದರು. ಎರಡು ಸಾಲುಗಳಲ್ಲಿ ಸಮನಾಗಿ ಜೋಡಿಸಿದ ಬಿಲ್ಲೆಗಳನ್ನು ದೊಡ್ಡವರು ಗಂಭೀರವಾಗಿ ಸರಿಸಿ, 'ಈಗಲೂ ಸಮವಾಗಿವೆಯೇ?' ಎಂದು ಕೇಳುವ ಬದಲು, ತುಂಟ ಕರಡಿ ಗೊಂಬೆಯೊಂದು ಪೆಟ್ಟಿಗೆಯಿಂದ ಹೊರಬಂದು ಸಾಲನ್ನು ಕೆಡಿಸಿತು ಎಂಬಂತೆ ಆಡಿ ತೋರಿಸಿದರು. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಸರಿಯುತ್ತರ ಕೊಟ್ಟವರ ಸಂಖ್ಯೆ ಗಣನೀಯವಾಗಿ ಏರಿತು. ನಂತರದ ಎಲ್ಲ ಪ್ರಯೋಗಗಳಲ್ಲೂ ವ್ಯತ್ಯಾಸ ಅಷ್ಟೇ ದೊಡ್ಡದಾಗಿ ಕಾಣಲಿಲ್ಲವಾದರೂ ಡೊನಾಲ್ಡ್‌ಸನ್ ಎತ್ತಿದ ಪ್ರಶ್ನೆ ಉಳಿದುಕೊಂಡಿತು: ಮಗು ಉತ್ತರಿಸುತ್ತಿರುವುದು ಹಾಲಿನ ಬಗ್ಗೆಯೋ, ಕೇಳುತ್ತಿರುವವರ ಮನಸ್ಸಿನ ಬಗ್ಗೆಯೋ? ನಮ್ಮ ತರಗತಿಗಳನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೇಷ್ಟ್ರು ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆಂದರೆ ಮೊದಲು ಹೇಳಿದ್ದು ತಪ್ಪು ಎಂದೇ ನಮ್ಮ ಮಕ್ಕಳು ತಿಳಿಯುತ್ತಾರೆ, ಕೂಡಲೇ ಉತ್ತರ ಬದಲಿಸುತ್ತಾರೆ. ನೀವು ಕಾರಣವಿಲ್ಲದೆ ಹಾಲು ಸುರಿದು ಎರಡು ಸಲ ಕೇಳಿದಿರಿ. ಅಜ್ಜಿ ಹಾಲು ಸುರಿದದ್ದು ಆರಿಸಲಿಕ್ಕೆ, ಅದರಲ್ಲಿ ಮಗುವಿಗೆ ಯಾವ ಗೂಢವೂ ಕಾಣಲಿಲ್ಲ.

ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಪಿಯಾಜೆ ಹುಟ್ಟಿದ ವರ್ಷದಲ್ಲೇ ಹುಟ್ಟಿ, ಕ್ಷಯರೋಗದಿಂದ 1934ರಲ್ಲಿ, ಕೇವಲ 37ನೇ ವಯಸ್ಸಿನಲ್ಲಿ ತೀರಿಕೊಂಡ ರಷ್ಯದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಅವರು. ಮಗು ಒಂಟಿಯಾಗಿ ಏನು ಮಾಡಬಲ್ಲದು ಎಂಬುದಕ್ಕೂ ತಿಳಿದವರ ಜೊತೆಗೂಡಿ ಏನು ಮಾಡಬಲ್ಲದು ಎಂಬುದಕ್ಕೂ ನಡುವಿನ ಅಂತರವನ್ನು ನೀವು 'ಸಮೀಪಸ್ಥ ವಿಕಾಸ ವಲಯ' ಎಂದು ಓದಿರುತ್ತೀರಿ. ಅಜ್ಜಿಯ ಪಕ್ಕದಲ್ಲಿ ಕುಳಿತು 'ಅಷ್ಟೇ ಇದೆ' ಎಂದ ಆ ಬೆಳಗಿನಲ್ಲಿ ನಿಮ್ಮ ಅಕ್ಕನ ಮಗಳು ಇದ್ದದ್ದು ಆ ವಲಯದಲ್ಲಿ ಎಂದು ನಾನು ತಿಳಿಯುತ್ತೇನೆ. ನಾಳೆ ನೀವು ಶಿಕ್ಷಕಿಯಾದಾಗ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಹಂತದ ಹೆಸರಿಗಿಂತ, 'ಅದು ನಿನಗೆ ಹೇಗೆ ಗೊತ್ತಾಯಿತು, ಹೇಳು ನೋಡೋಣ' ಎಂದು ಕೇಳುವ ಅಭ್ಯಾಸ.

ಪ್ರಶ್ನೆ: 26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ನಾನು ಕೆಲಸಕ್ಕೆ ಮರಳಿದೆ. ಮಗುವನ್ನು ನನ್ನ ತಾಯಿ ನೋಡಿಕೊಳ್ಳುತ್ತಾರೆ. ಈಗ ಮಗುವಿಗೆ ಒಂದು ವರ್ಷ ಎರಡು ತಿಂಗಳು. ಸಂಜೆ ನಾನು ಬಾಗಿಲು ತೆರೆದಾಗ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಮೊದಲ ವರ್ಷದಲ್ಲಿ ನಂಬಿಕೆ ಬೆಳೆಯದಿದ್ದರೆ ಜೀವನವಿಡೀ ಅಪನಂಬಿಕೆ ಉಳಿಯುತ್ತದೆ ಎಂದು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. (ಬೆಂಗಳೂರು)

ಉತ್ತರ: ನಿಮ್ಮ ನಿದ್ದೆ ಕೆಡಿಸಿದ ಆ ವಾಕ್ಯವನ್ನು ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಹಾಗೆ ಬರೆದವರಲ್ಲ. 1950ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಜೀವನದ ಎಂಟು ಘಟ್ಟಗಳನ್ನು ಅವರು ವಿವರಿಸಿದಾಗ, ಮೊದಲ ಘಟ್ಟದಲ್ಲಿ ಬೇಕಾದದ್ದು ಪೂರ್ಣ ನಂಬಿಕೆಯಲ್ಲ, ಅಪನಂಬಿಕೆಗಿಂತ ನಂಬಿಕೆಯ ತೂಕ ತುಸು ಹೆಚ್ಚಿರುವುದು ಎಂದು ತಿಳಿದಿದ್ದರು. ಯಾರನ್ನೂ ಶಂಕಿಸಲಾರದ ಮಗು ಬೀದಿಯಲ್ಲಿ ಕ್ಷೇಮವಾಗಿರಲಾರದು. ಮೊದಲ ಘಟ್ಟದಲ್ಲಿ ಬಗೆಹರಿಯದೆ ಉಳಿದದ್ದು ಮುಂದಿನ ಘಟ್ಟಗಳಲ್ಲಿ ಮತ್ತೆ ತಲೆಯೆತ್ತುತ್ತದೆ, ಮತ್ತೆ ಸರಿಯಾಗುವ ಅವಕಾಶವನ್ನೂ ಪಡೆಯುತ್ತದೆ ಎಂಬುದು ಅವರ ವಿಚಾರದ ತಿರುಳು.

ತಾಯಿಯಿಂದ ದೂರವಾದರೆ ಮಗುವಿಗೆ ಹಾನಿ ಎಂಬ ಮಾತು ಹೆಚ್ಚಾಗಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್‌ಬಿ ಅವರಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಅವರು ಬರೆದ ವರದಿಯ ಹಿಂದಿದ್ದವರು ಯುದ್ಧದಲ್ಲಿ ಮನೆ ಕಳೆದುಕೊಂಡ, ಅನಾಥಾಲಯ ಮತ್ತು ಆಸ್ಪತ್ರೆಗಳಲ್ಲಿ ತಮ್ಮವರೆನ್ನುವ ಒಬ್ಬರೂ ಇಲ್ಲದೆ ಬೆಳೆದ ಮಕ್ಕಳು. ಅಜ್ಜಿಯ ಸೊಂಟದ ಮೇಲೆ ದಿನ ಕಳೆಯುವ ನಿಮ್ಮ ಮಗನಿಗೂ ಆ ಮಕ್ಕಳಿಗೂ ಹೋಲಿಕೆ ಸಲ್ಲದು. ಬೌಲ್‌ಬಿಯ ಜೊತೆಗಾರ್ತಿ ಮೇರಿ ಐನ್ಸ್‌ವರ್ತ್ 1950ರ ದಶಕದ ಮಧ್ಯದಲ್ಲಿ ಉಗಾಂಡದ ಹಳ್ಳಿಗಳಲ್ಲಿ ತಾಯಿ ಮತ್ತು ಶಿಶುಗಳನ್ನು ಅವರ ಮನೆಗಳಲ್ಲೇ ಕುಳಿತು ಗಮನಿಸಿದರು. ಮಗುವನ್ನು ಹಲವು ಕೈಗಳು ಎತ್ತಿಕೊಳ್ಳುವ ಕುಟುಂಬಗಳು ಅವು. ಒಂದು ಮಗುವಿಗೆ ಒಬ್ಬರಿಗಿಂತ ಹೆಚ್ಚು ಜನರೊಡನೆ ಭದ್ರವಾದ ಬಾಂಧವ್ಯ ಬೆಳೆಯಬಲ್ಲದು ಎಂಬುದು ಇಂದು ಈ ವಿಷಯವನ್ನು ಅಭ್ಯಾಸ ಮಾಡುವ ಹೆಚ್ಚಿನವರು ಒಪ್ಪುವ ಮಾತು. ಅಮೆರಿಕದಲ್ಲಿ 1991ರಲ್ಲಿ ಆರಂಭವಾಗಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವೊಂದು, ಹಗಲಿನಲ್ಲಿ ಬೇರೆಯವರು ನೋಡಿಕೊಂಡ ಮಾತ್ರಕ್ಕೆ ತಾಯಿಯೊಡನೆ ಬಾಂಧವ್ಯ ಅಭದ್ರವಾಗುವುದಿಲ್ಲ ಎಂದು ಕಂಡುಕೊಂಡಿತು. ಮಗುವಿನ ಅಳು, ನಗು, ಹಸಿವುಗಳಿಗೆ ತಾಯಿ ಜೊತೆಯಲ್ಲಿರುವಾಗ ಹೇಗೆ ಸ್ಪಂದಿಸುತ್ತಾಳೆ ಎಂಬುದು ಅದಕ್ಕಿಂತ ಮುಖ್ಯವಾಗಿತ್ತು.

ಸಂಜೆ ಬಾಗಿಲು ತೆರೆದ ಕ್ಷಣವನ್ನಷ್ಟೇ ನೋಡಬೇಡಿ, ಅದರ ನಂತರದ ಹತ್ತು ನಿಮಿಷಗಳನ್ನು ನೋಡಿ. ಚೀಲ ಇಟ್ಟು, ಕೈಕಾಲು ತೊಳೆದು, ಅವನನ್ನು ಅಜ್ಜಿಯಿಂದ ಕಿತ್ತುಕೊಳ್ಳದೆ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿಗೆ ಅವನು ಸೆರಗಿನ ಮರೆಯಿಂದ ಇಣುಕಿ, ಆಟಿಕೆಯೊಂದನ್ನು ನಿಮ್ಮ ಕೈಗೆ ಕೊಟ್ಟು, ಮಡಿಲಿಗೆ ಬಂದರೆ ನೀವು ಹೆದರಬೇಕಾದದ್ದು ಏನೂ ಇಲ್ಲ.

ಪ್ರಶ್ನೆ: ಮಗನಿಗೆ 24 ವರ್ಷ. ಎಂಜಿನಿಯರಿಂಗ್ ಮುಗಿಸಿ ಸಿಕ್ಕ ಕೆಲಸವನ್ನು ಹತ್ತು ತಿಂಗಳಲ್ಲಿ ಬಿಟ್ಟ. ಮೊದಲು ಸಾವಯವ ಕೃಷಿ ಎಂದ, ಆಮೇಲೆ ಫೋಟೋಗ್ರಫಿ, ಈಗ ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ತಾನು ಯಾರೆಂದು ಕಂಡುಕೊಳ್ಳುವ ಅನನ್ಯತೆಯ ಘಟ್ಟ ಹದಿನೆಂಟಕ್ಕೆ ಮುಗಿಯಬೇಕು ಎಂದು ನಿಮ್ಮ ಪಟ್ಟಿಯಲ್ಲಿತ್ತು. ಇವನಿಗೆ ಪಾತ್ರ ಗೊಂದಲವೇ? (ದಾವಣಗೆರೆ)

ಉತ್ತರ: ಆ ಹದಿನೆಂಟನ್ನು ಪಟ್ಟಿಯಲ್ಲಿ ಅಷ್ಟು ಖಚಿತವಾಗಿ ಬರೆದದ್ದು ನನ್ನ ತಪ್ಪು, ಅದನ್ನು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ. ಎರಿಕ್‌ಸನ್ ಅವರ ಕಲ್ಪನೆಯನ್ನು ಸಂದರ್ಶನಗಳ ಮೂಲಕ ಪರೀಕ್ಷಿಸಿದ ಜೇಮ್ಸ್ ಮಾರ್ಸಿಯಾ, 1966ರಲ್ಲಿ ತರುಣರ ಸ್ಥಿತಿಗಳನ್ನು ನಾಲ್ಕಾಗಿ ವಿಂಗಡಿಸಿದರು. ಹುಡುಕಿ ನಿರ್ಧಾರಕ್ಕೆ ಬಂದವರು, ಇನ್ನೂ ಹುಡುಕುತ್ತಿರುವವರು, ಹುಡುಕದೆಯೇ ಹಿರಿಯರು ಹೇಳಿದ್ದನ್ನು ತಮ್ಮದೆಂದು ಒಪ್ಪಿಕೊಂಡವರು, ಹುಡುಕಾಟವೂ ಇಲ್ಲದೆ ನಿರ್ಧಾರವೂ ಇಲ್ಲದೆ ಇರುವವರು. ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಮಕ್ಕಳ ಮುಂದಿನ ನಲವತ್ತು ವರ್ಷಗಳನ್ನು ತೀರ್ಮಾನಿಸುವ ನಮ್ಮ ಪದ್ಧತಿ ಅವರನ್ನು ಮೂರನೆಯ ಗುಂಪಿಗೆ ತಳ್ಳುತ್ತದೆ ಎಂದು ನನಗೆ ಅನ್ನಿಸುತ್ತದೆ. ಆ ವಯಸ್ಸಿನಲ್ಲಿ ನಡೆಯದೆ ಹೋದ ಹುಡುಕಾಟವನ್ನು ನಿಮ್ಮ ಮಗ ಈಗ ನಡೆಸುತ್ತಿರಬಹುದು.

ಎರಿಕ್‌ಸನ್ ಅವರ ಜೀವನವನ್ನೇ ನೋಡಿ. ಶಾಲೆ ಮುಗಿಸಿ ಚಿತ್ರಕಾರನಾಗಬೇಕೆಂದು ಯುರೋಪಿನ ಊರೂರು ಅಲೆದವರು ಅವರು. 1927ರಲ್ಲಿ, 25ನೇ ವಯಸ್ಸಿನಲ್ಲಿ, ಗೆಳೆಯ ಕರೆದನೆಂದು ವಿಯೆನ್ನಾದ ಚಿಕ್ಕ ಶಾಲೆಯೊಂದಕ್ಕೆ ಪಾಠ ಹೇಳಲು ಹೋದಾಗಲೇ ಅವರಿಗೆ ತಮ್ಮ ದಾರಿ ಸಿಕ್ಕಿದ್ದು. ವಿಶ್ವವಿದ್ಯಾಲಯದ ಪದವಿಯನ್ನು ಅವರು ಕೊನೆಯವರೆಗೂ ಓದಿ ಪಡೆಯಲಿಲ್ಲ. ಎರಿಕ್‌ಸನ್ ಎಂಬ ಹೆಸರೂ ಅವರು ಅಮೆರಿಕದ ಪೌರರಾದಾಗ ತಾವಾಗಿ ಇಟ್ಟುಕೊಂಡದ್ದು. ಹಾಗೆಂದು ಅಲೆದಾಟವೆಲ್ಲ ಹುಡುಕಾಟವಲ್ಲ. ಮಗ ಬೆಳಿಗ್ಗೆ ಎದ್ದು ಓದುತ್ತಾನೆಯೇ, ಬಿಟ್ಟ ಕೆಲಸಗಳ ಬಗ್ಗೆ ತನಗೆ ತಿಳಿದದ್ದೇನು ಎಂದು ಹೇಳಬಲ್ಲನೇ, ಗೆಳೆಯರ ಒಡನಾಟ ಉಳಿದಿದೆಯೇ ಎಂಬುದನ್ನು ನೋಡಿ. ಇವೆಲ್ಲ ಇದ್ದರೆ ಖರ್ಚಿಗೆ ಮತ್ತು ಕಾಲಕ್ಕೆ ಒಂದು ಮಿತಿಯನ್ನು ಇಬ್ಬರೂ ಕುಳಿತು ಮಾತಾಡಿಕೊಳ್ಳಿ. ಇವು ಯಾವುವೂ ಇಲ್ಲದೆ ಅವನು ಕೋಣೆಯಿಂದ ಹೊರಗೇ ಬರುತ್ತಿಲ್ಲವಾದರೆ ಸಿದ್ಧಾಂತ ಬದಿಗಿರಲಿ, ಮನೋವೈದ್ಯರನ್ನು ಕಾಣುವುದು ಒಳ್ಳೆಯದು.

ಪ್ರಶ್ನೆ: ನನಗೆ 43. ಮಿಡ್‌ಲೈಫ್ ಕ್ರೈಸಿಸ್ (ನಡುವಯಸ್ಸಿನ ಬಿಕ್ಕಟ್ಟು) ಎಲ್ಲರಿಗೂ ಬಂದೇ ಬರುತ್ತದೆಯೇ? (ಹುಬ್ಬಳ್ಳಿ)

ಉತ್ತರ: ಇಲ್ಲ. ಎಲಿಯಟ್ ಜಾಕ್ಸ್ 1965ರಲ್ಲಿ ಈ ಪದವನ್ನು ಬಳಕೆಗೆ ತಂದರು. 1978ರಲ್ಲಿ ಡೇನಿಯಲ್ ಲೆವಿನ್‌ಸನ್ ಇದನ್ನು ಪ್ರಸಿದ್ಧಗೊಳಿಸಿದ್ದು ಅಮೆರಿಕದ 40 ಮಂದಿ ಗಂಡಸರ ಸಂದರ್ಶನಗಳ ಆಧಾರದ ಮೇಲೆ. ನಂತರ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಇಂಥ ಬಿಕ್ಕಟ್ಟನ್ನು ಅನುಭವಿಸಿದೆವೆಂದು ಹೇಳಿದವರು ಕಡಿಮೆ ಮಂದಿ, ಅವರಲ್ಲೂ ಹಲವರು ಹೆಸರಿಸಿದ್ದು ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ ಮೊದಲಾದ ಘಟನೆಗಳನ್ನು. ನಲವತ್ತಮೂರರಲ್ಲಿ ದುಃಖವಾದರೆ ಅದರ ಕಾರಣವನ್ನು ವಯಸ್ಸಿನಲ್ಲಿ ಹುಡುಕುವ ಮೊದಲು ಬದುಕಿನಲ್ಲಿ ಹುಡುಕಿ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಬರುವ ಮೇ 31ಕ್ಕೆ ನಿವೃತ್ತಿ. ನಮ್ಮ ವಾನಪ್ರಸ್ಥವೂ ಎರಿಕ್‌ಸನ್ ಅವರ ಏಳನೆಯ ಘಟ್ಟವೂ ಒಂದೇ ಎಂದು ಭಾಷಣವೊಂದರಲ್ಲಿ ಕೇಳಿದೆ. ನಿಜವೇ? ಎಲ್ಲದರಿಂದ ದೂರ ಸರಿಯುವುದೇ ಈ ವಯಸ್ಸಿನ ಧರ್ಮವೇ? (ಹಾಸನ ಜಿಲ್ಲೆ)

ಉತ್ತರ: ಮೇ 31 ಎಂದು ಓದಿದಾಗ ನಿಮ್ಮ ದಾಖಲೆಯ ಹುಟ್ಟಿದ ದಿನ ಜೂನ್ 1 ಇರಬೇಕು ಎಂದುಕೊಂಡೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಆ ದಿನಾಂಕವೇ ನಮ್ಮ ತಲೆಮಾರಿನ ಎಷ್ಟೋ ಜನರ ಜನ್ಮದಿನ. ನಿವೃತ್ತಿಯ ವಯಸ್ಸೇ ಹೀಗೆ ಒಂದು ಬರಹದ ಲೆಕ್ಕವಾಗಿರುವಾಗ ಮನಸ್ಸಿನ ಘಟ್ಟಗಳನ್ನು ದಿನಾಂಕಕ್ಕೆ ಕಟ್ಟಿಹಾಕುವುದು ಇನ್ನೂ ಕಷ್ಟ. ಮನುಸ್ಮೃತಿಯೂ ವಾನಪ್ರಸ್ಥಕ್ಕೆ ವರ್ಷದ ಲೆಕ್ಕ ಹೇಳದೆ, ಗೃಹಸ್ಥನು ತನ್ನ ಮೈಯ ಸುಕ್ಕನ್ನೂ ನರೆತ ಕೂದಲನ್ನೂ ಮಗುವಿನ ಮಗುವನ್ನೂ ಕಂಡಾಗ ಕಾಡಿಗೆ ಹೊರಡಲಿ ಎನ್ನುತ್ತದೆ.

ಈ ಹೋಲಿಕೆ ಹುಟ್ಟಿದ ಕಥೆ ನಮ್ಮ ದೇಶದ್ದೇ. 1962ರಲ್ಲಿ ಜೀವನಚಕ್ರವನ್ನು ಕುರಿತ ವಿಚಾರಗೋಷ್ಠಿಯೊಂದನ್ನು ನಡೆಸಲು ಎರಿಕ್‌ಸನ್ ಅಹಮದಾಬಾದಿಗೆ ಬಂದರು. ಅಲ್ಲಿ ಅವರು ಭೇಟಿಯಾದವರಲ್ಲಿ 1918ರ ಗಿರಣಿ ಮುಷ್ಕರವನ್ನು ಕಣ್ಣಾರೆ ಕಂಡವರಿದ್ದರು. ಆ ಮುಷ್ಕರದಲ್ಲಿ ಕಾರ್ಮಿಕರ ಪರವಾಗಿ ಉಪವಾಸ ಕುಳಿತಾಗ ಗಾಂಧೀಜಿಯವರಿಗೆ 48 ವರ್ಷ. ನಡುವಯಸ್ಸಿನ ಮನುಷ್ಯನೊಬ್ಬ ತನ್ನ ಮನೆಯ ಮಕ್ಕಳಾಚೆಗೆ ಒಂದು ಇಡೀ ಸಮುದಾಯದ ಹೊಣೆಯನ್ನು ಹೊತ್ತುಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಎರಿಕ್‌ಸನ್ ಅವರನ್ನು ಹಿಡಿದುಕೊಂಡಿತು. ಅದರಿಂದ 1969ರಲ್ಲಿ ಹೊರಬಂದ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅಹಮದಾಬಾದಿನಲ್ಲೇ ಅವರ ಸಂಪರ್ಕಕ್ಕೆ ಬಂದ ಸುಧೀರ್ ಕಕ್ಕರ್ ಮುಂದೆ ಮನೋವಿಶ್ಲೇಷಕರಾಗಿ, ಆಶ್ರಮ ವ್ಯವಸ್ಥೆಯನ್ನೂ ಎರಿಕ್‌ಸನ್ ಅವರ ಘಟ್ಟಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು.

ಅಕ್ಕಪಕ್ಕದಲ್ಲಿಟ್ಟರೆ ಹೋಲಿಕೆ ಕಾಣುವುದು ನಿಜ, ಎರಡೂ ಒಂದೇ ಎನ್ನುವುದು ಸರಿಯಲ್ಲ. ಏಳನೆಯ ಘಟ್ಟದಲ್ಲಿ ಎರಿಕ್‌ಸನ್ ಕಂಡದ್ದು ಮುಂದಿನ ಪೀಳಿಗೆಯನ್ನು ಬೆಳೆಸುವ, ಕಲಿಸುವ, ಕಾಪಾಡುವ ಕಾಳಜಿಯನ್ನು. ಅದು ಬತ್ತಿದಾಗ ಉಳಿಯುವುದು ಜಡತ್ವ. ಆ ಕಾಳಜಿ ಗೃಹಸ್ಥಾಶ್ರಮದಲ್ಲೂ ಇದೆ, ವಾನಪ್ರಸ್ಥದ ಅಂಚಿಗೂ ಚಾಚಿಕೊಂಡಿದೆ. ಕಾಡಿಗೆ ಹೋಗುವುದು ಅದರ ಭಾಗವಲ್ಲ. ಇನ್ನೊಂದು ಮಾತನ್ನು ಭಾಷಣಕಾರರು ಹೇಳಿದ್ದರೋ ಇಲ್ಲವೋ, ನಾನು ಹೇಳಲೇಬೇಕು. ಧರ್ಮಶಾಸ್ತ್ರಗಳು ಆಶ್ರಮಗಳನ್ನು ವಿಧಿಸಿದ್ದು ದ್ವಿಜ ಗಂಡಸರಿಗೆ. ಹೊಲದಲ್ಲಿ ದುಡಿಯುವವನ ಮತ್ತು ಎಲ್ಲ ಹೆಂಗಸರ ಬದುಕಿಗೆ ಅಲ್ಲಿ ಘಟ್ಟಗಳೇ ಇಲ್ಲ. ಪಶ್ಚಿಮದ ಸಿದ್ಧಾಂತಗಳಲ್ಲೂ ಈ ಕೊರತೆ ಇದೆ: ಲೆವಿನ್‌ಸನ್ ಮಾತಾಡಿಸಿದ ನಲವತ್ತು ಮಂದಿ ಯಾರೆಂದು ಮೇಲೆ ಹೇಳಿದ್ದೇನೆ, ನೈತಿಕ ಬೆಳವಣಿಗೆಯ ಹಂತಗಳನ್ನು ಹುಡುಗರನ್ನಷ್ಟೇ ಸಂದರ್ಶಿಸಿ ರೂಪಿಸಿದ ಲಾರೆನ್ಸ್ ಕೋಲ್‌ಬರ್ಗ್ ಅವರನ್ನು 1982ರಲ್ಲಿ ಕ್ಯಾರಲ್ ಗಿಲಿಗನ್ ಪ್ರಶ್ನಿಸಿದ್ದೂ ಇದಕ್ಕಾಗಿಯೇ.

ಇನ್ನು ದೂರ ಸರಿಯುವ ವಿಷಯ. ಜರ್ಮನಿಯ ಮನೋವಿಜ್ಞಾನಿ ಪಾಲ್ ಬಾಲ್ಟೆಸ್ ಅವರಿಗೆ ಪ್ರಿಯವಾಗಿದ್ದ ಉದಾಹರಣೆಯೊಂದನ್ನು ಹೇಳುತ್ತೇನೆ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರನ್ನು ಇಳಿವಯಸ್ಸಿನಲ್ಲೂ ಅಷ್ಟು ಚೆನ್ನಾಗಿ ನುಡಿಸುವುದು ಹೇಗೆ ಎಂದು ಕೇಳಿದಾಗ ಅವರು ಮೂರು ಉಪಾಯಗಳನ್ನು ಹೇಳಿದರಂತೆ. ಕಡಿಮೆ ಕೃತಿಗಳನ್ನು ಆರಿಸಿಕೊಳ್ಳುವುದು, ಅವುಗಳನ್ನು ಹೆಚ್ಚು ಸಾಧನೆ ಮಾಡುವುದು, ವೇಗದ ಭಾಗ ಬರುವ ಮುನ್ನ ಸ್ವಲ್ಪ ನಿಧಾನಿಸಿ ಮುಂದಿನದು ವೇಗವಾಗಿ ಕೇಳಿಸುವಂತೆ ಮಾಡುವುದು. ಆಯ್ಕೆ, ಸಾಧನೆ, ಸರಿದೂಗಿಸುವಿಕೆ ಎಂಬ ಈ ಮೂರರ ಮೇಲೆಯೇ ಬಾಲ್ಟೆಸ್ ಮತ್ತು ಅವರ ಪತ್ನಿ ಮಾರ್ಗ್ರೆಟ್ ಮುಪ್ಪಿನ ಸಿದ್ಧಾಂತವನ್ನು ಕಟ್ಟಿದರು. ನೀವು ಇಷ್ಟು ವರ್ಷ ದಿನಕ್ಕೆ ಐದಾರು ಪೀರಿಯಡ್ ಪಾಠ ಮಾಡಿದ್ದೀರಿ. ಜೂನ್ ತಿಂಗಳಲ್ಲಿ ಅವುಗಳಲ್ಲಿ ಯಾವ ಒಂದನ್ನು ಉಳಿಸಿಕೊಳ್ಳಲು ಇಷ್ಟಪಡುತ್ತೀರಿ ಎಂದು ಈಗಿನಿಂದಲೇ ಯೋಚಿಸಿ. ಊರಿನ ನಾಲ್ಕು ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಜಗಲಿಯ ಮೇಲೆ ಗಣಿತ ಹೇಳಿಕೊಡುವುದೂ ಪೂರ್ಣ ಪ್ರಮಾಣದ ಕೆಲಸವೇ.

ಪ್ರಶ್ನೆ: ಅತ್ತೆಗೆ 84. ತನ್ನನ್ನು ನಾಲ್ಕನೇ ತರಗತಿಗೆ ಶಾಲೆ ಬಿಡಿಸಿ ತಮ್ಮನನ್ನು ಶಿವಮೊಗ್ಗಕ್ಕೆ ಓದಲು ಕಳಿಸಿದ ಕಥೆಯನ್ನು ದಿನವೂ ಹೇಳುತ್ತಾರೆ. ಮನೆಯವರಿಗೆಲ್ಲ ಬೇಸರ ಬಂದಿದೆ. ಈ ವಯಸ್ಸಿಗೆ ಮನಸ್ಸು ಸಮಾಧಾನವಾಗಿರಬೇಕಲ್ಲವೇ? (ತೀರ್ಥಹಳ್ಳಿ)

ಉತ್ತರ: ಮೊದಲು ಒಂದು ಎಚ್ಚರಿಕೆ. ಹೇಳಿದ್ದನ್ನೇ ಅರ್ಧ ಗಂಟೆಯೊಳಗೆ ಹೇಳಿದ ನೆನಪಿಲ್ಲದೆ ಮತ್ತೆ ಹೇಳುವುದು, ಒಲೆ ಆರಿಸಲು ಮರೆಯುವುದು, ಪರಿಚಿತ ದಾರಿಯಲ್ಲಿ ತಪ್ಪಿಸಿಕೊಳ್ಳುವುದು ಇತ್ತೀಚೆಗೆ ಶುರುವಾಗಿದ್ದರೆ ವೈದ್ಯರಿಗೆ ತೋರಿಸಿ, ಅದು ಮರೆಗುಳಿ ಕಾಯಿಲೆಯ ಸೂಚನೆ ಇರಬಹುದು. ನೀವು ಬರೆದಿರುವುದನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಅವರಿಗೆ ಕಥೆ ಹೇಳಿದ್ದು ನೆನಪಿದೆ, ಆದರೂ ಹೇಳುತ್ತಾರೆ.

ಮುದುಕರು ಹಳೆಯದನ್ನು ಮೆಲುಕು ಹಾಕುವುದು ಬುದ್ಧಿ ಮಂಕಾದ ಲಕ್ಷಣವೆಂದು ವೈದ್ಯರೂ ನಂಬಿದ್ದ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದನ್ನು ಜೀವನದ ಮರುಪರಿಶೀಲನೆ ಎಂದು ಕರೆದರು. ಸಾವು ಹತ್ತಿರವಾಗುತ್ತಿದೆ ಎಂಬ ಅರಿವು ಬಂದಾಗ, ಬಗೆಹರಿಯದೆ ಉಳಿದ ಹಳೆಯ ವಿಷಯಗಳು ತಾವಾಗಿ ಮೇಲೆದ್ದು ಬರುತ್ತವೆ, ಅವುಗಳಿಗೆ ಬದುಕಿನಲ್ಲಿ ಒಂದು ಜಾಗ ಮಾಡಿಕೊಡಲು ಮನಸ್ಸು ದುಡಿಯುತ್ತದೆ ಎಂದರು. ಎರಿಕ್‌ಸನ್ ಅವರ ಎಂಟನೆಯ ಘಟ್ಟವಾದ ಸಮಗ್ರತೆ ಮತ್ತು ಹತಾಶೆಯ ತೊಳಲಾಟಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಸಮಗ್ರತೆ ಎಂದರೆ ಏನೂ ನೋಯದ ಶಾಂತಿಯಲ್ಲ; ನಡೆದದ್ದನ್ನು, ಅದರ ಅನ್ಯಾಯವನ್ನೂ ಸೇರಿಸಿ, ಇದು ನನ್ನ ಬದುಕು ಎಂದು ಹೇಳಬಲ್ಲ ಶಕ್ತಿ. ಎರಿಕ್‌ಸನ್ ತೀರಿಕೊಂಡ ಮೇಲೆ, ತೊಂಬತ್ತು ದಾಟಿದ್ದ ಅವರ ಪತ್ನಿ ಜೋನ್, 1997ರಲ್ಲಿ ಹೊರಬಂದ ಬರಹದಲ್ಲಿ ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದರು. ತೀರಾ ಇಳಿವಯಸ್ಸಿನಲ್ಲಿ ಹಳೆಯ ಘಟ್ಟಗಳೆಲ್ಲ ಮತ್ತೆ ಎದುರಾಗುತ್ತವೆ, ಈ ಸಲ ಕಷ್ಟದ ಮುಖವೇ ಮೊದಲು ಎಂದು ಅವರು ಬರೆದರು. ಕಾಲು ತನ್ನನ್ನು ಹೊರುತ್ತದೆಯೋ ಇಲ್ಲವೋ, ಕೈಯಲ್ಲಿ ಹಿಡಿದ ಲೋಟ ನಿಲ್ಲುತ್ತದೆಯೋ ಇಲ್ಲವೋ ಎಂದು ದಿನವೂ ಅನುಮಾನಪಡುವವರಿಗೆ ನಂಬಿಕೆಯ ಪ್ರಶ್ನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ಸ್ಥಿತಿಯಲ್ಲಿರುವವರಿಂದ ಸಮಾಧಾನವನ್ನು ಅಪೇಕ್ಷಿಸುವುದು ಅವರಿಗೆ ಭಾರವಾಗುತ್ತದೆ.

ಇಷ್ಟು ವರ್ಷಗಳಲ್ಲಿ, ಅವರಿಗೆ ಆದದ್ದು ಅನ್ಯಾಯವೆಂದು ಮನೆಯಲ್ಲಿ ಯಾರಾದರೂ ಅವರೆದುರಿಗೆ ಹೇಳಿದ್ದಾರೆಯೇ? ಹೇಳಿರದಿದ್ದರೆ ನೀವು ಹೇಳಿ. 'ಹೋಗಲಿ ಬಿಡಿ ಅತ್ತೆ, ಹಳೇ ಮಾತು' ಎಂದರೆ ಕಥೆ ನಾಳೆ ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಅವರ ಎದುರಿಗೆ ಕುಳಿತು ಬರೆದುಕೊಳ್ಳಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ತಪ್ಪಿದ್ದರೆ ತಿದ್ದಲಿ. ಕಥೆಯಲ್ಲಿ ಇದುವರೆಗೆ ಯಾರೂ ಕೇಳದಿರುವುದನ್ನು ಕೇಳಿ: ಶಾಲೆ ಬಿಡಿಸಿದ ದಿನ ಯಾವ ಪಾಠ ನಡೆಯುತ್ತಿತ್ತು, ಸ್ಲೇಟು ಏನಾಯಿತು, ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಯಾರು, ನಾಲ್ಕನೇ ತರಗತಿಯ ಮೇಷ್ಟ್ರ ಹೆಸರೇನು.